ಆಗಮ, ಲೋಪ, ಆದೇಶ: ಗಡಿನಾಡಿನ ಆಡುಮಾತನ್ನು ಸಿ.ಡಿ.ಯಿಂದ ಇಳಿಸುವಾಗ ಕಾಣುವ ಕಾಲವ್ಯತ್ಯಾಸ

೧. ವಿಷಯ ಪ್ರವೇಶ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರು ಊರುಗಳೂ ಇಂದು ತೆಲಂಗಾಣ ರಾಜ್ಯಕ್ಕೆ ಸೇರಿವೆ. ೧೯೫೬ರ ನವೆಂಬರ್ ೧ಕ್ಕೆ ಮುಂಚೆ ಮೂರೂ ಹೈದರಾಬಾದ್ ರಾಜ್ಯದಲ್ಲಿದ್ದವು. ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯದೇ ಆಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಗದ್ವಾಲ ಆಂಧ್ರದ ಮಹಬೂಬನಗರ ಜಿಲ್ಲೆಗೆ ಹೋಯಿತು. ೨೦೧೬ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ ೨೦೧೯ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಮಕ್ತಲ್ ಈಗ ನಾರಾಯಣಪೇಟೆ ಜಿಲ್ಲೆಯಲ್ಲಿದೆ. ಗೆರೆ ಎಲ್ಲಿ ಎಳೆದರೂ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ನಾರಾಯಣಪೇಟೆಯ ಬಜಾರಿನಲ್ಲಿ ಕನ್ನಡ, ತೆಲುಗು, ಮರಾಠಿ, ದಖನಿ ನಾಲ್ಕೂ ಕಿವಿಗೆ ಬೀಳುತ್ತವೆ. ಮಕ್ತಲ್ ಸೀಮೆಯ ಕನ್ನಡ ರಾಯಚೂರಿನ ಕನ್ನಡಕ್ಕೆ ಹತ್ತಿರದ್ದು. ಗದ್ವಾಲಿನ ಕಡೆ ತೆಲುಗಿನದೇ ಬಹುಪಾಲು. ಕನ್ನಡ ಅಲ್ಲಿ ಮನೆಮಾತಾಗಿ ಉಳಿದದ್ದು.

ಇಂಥ ಕಡೆಯ ಆಡುಮಾತನ್ನು ಬರಹದಲ್ಲಿ ಹಿಡಿಯುವುದು ಕಷ್ಟ. ಆದುದರಿಂದ ಕ್ಷೇತ್ರಕಾರ್ಯ ಮಾಡಿದವರು ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಸಿ.ಡಿ.ಯಲ್ಲಿ ಹಿರಿಯರ ಮಾತನ್ನು ತುಂಬಿಟ್ಟುಕೊಳ್ಳುವ ರೂಢಿ ಬಂತು. ಈಗ ಸಿ.ಡಿ. ಹಾಕುವ ಯಂತ್ರವೇ ಅಪರೂಪವಾಗುತ್ತಿದೆ. ಹಿಂಗಾಗಿ ಸಿ.ಡಿ.ಯಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿ, ವೇವ್, ಫ್ಲ್ಯಾಕ್, ಎಂಪಿ೩, ಎಎಸಿ ಮುಂತಾದ ರೂಪಗಳಲ್ಲಿ ಇಡುವ ಕೆಲಸ ನಡೆದಿದೆ. ಇದಕ್ಕೆ ರೂಢಿಯಲ್ಲಿ ‘ರಿಪ್ ಮಾಡುವುದು’ ಎನ್ನುತ್ತಾರೆ.

ಇಲ್ಲಿಯೇ ಒಂದು ತೊಡಕು ಹುಟ್ಟುತ್ತದೆ. ಒಂದೇ ಸಿ.ಡಿ.ಯ ಒಂದೇ ಟ್ರ್ಯಾಕನ್ನು ಇಬ್ಬರು ಇಳಿಸಿದರೆ ಅದರ ಉದ್ದ ಇಬ್ಬರಲ್ಲಿ ಒಂದೇ ಆಗಿರುವುದಿಲ್ಲ. ಒಬ್ಬರಲ್ಲಿ ೩ ನಿಮಿಷ ೧೨ ಸೆಕೆಂಡು, ಇನ್ನೊಬ್ಬರಲ್ಲಿ ೩ ನಿಮಿಷ ೧೪ ಸೆಕೆಂಡು. ಸಂಗೀತ ಕೇಳುವವರಿಗೆ ಇದು ಸಣ್ಣ ಮಾತು. ಸ್ವರದ ಹ್ರಸ್ವ-ದೀರ್ಘಗಳನ್ನು ಅಳೆದು ಉಪಭಾಷೆಯ ಲಕ್ಷಣ ಹೇಳುವವರಿಗೆ ಸಣ್ಣ ಮಾತಲ್ಲ. “ಕಾಲವೇ ಬದಲಾಗಿದ್ದರೆ ಮಾತ್ರೆಯೂ ಬದಲಾಗಿರಬೇಕಲ್ಲ?” ಎಂಬ ಶಂಕೆ ಸಹಜ. ಈ ಶಂಕೆ ಎಷ್ಟರಮಟ್ಟಿಗೆ ನಿಜ, ಎಲ್ಲಿ ಸುಳ್ಳು, ನಿಜವಾದ ಅಪಾಯ ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

೨. ಈ ಸೀಮೆಯಲ್ಲಿ ಮಾತ್ರೆಯ ಮಹತ್ವ

ಸ್ವರಕ್ಕೆ ಹ್ರಸ್ವ, ದೀರ್ಘ, ಪ್ಲುತ ಎಂಬ ಮೂರು ಕಾಲಗಳನ್ನು ಪಾಣಿನಿಯೂ ಹೇಳಿದ್ದಾನೆ, ನಮ್ಮ ಕೇಶಿರಾಜನೂ ಹೇಳಿದ್ದಾನೆ. ಶಿಕ್ಷಾಗ್ರಂಥಗಳಲ್ಲಿ ಇದಕ್ಕೆ ಪ್ರಾಣಿಪಕ್ಷಿಗಳ ದನಿಯನ್ನೇ ಅಳತೆಗೋಲು ಮಾಡಿದ್ದುಂಟು: ಚಾಷಪಕ್ಷಿಯದು ಒಂದು ಮಾತ್ರೆ, ಕಾಗೆಯದು ಎರಡು, ನವಿಲಿನದು ಮೂರು, ಮುಂಗುಸಿಯದು ಅರ್ಧ. ಗಡಿಯಾರವಿಲ್ಲದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಮಾಪಕ ಯಾವುದಿತ್ತು! ಈಗಿನ ಅಳತೆಯಲ್ಲಿ ಹೇಳುವುದಾದರೆ, ಸಹಜವಾಗಿ ಆಡುವ ಮಾತಿನಲ್ಲಿ ಹ್ರಸ್ವ ಸ್ವರ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದ, ಅಂದರೆ ೧೦೦ ಮಿಲಿಸೆಕೆಂಡಿನ, ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆಯಲ್ಲಿ ಮುಗಿದುಹೋಗುತ್ತದೆ.

ಪುಣೆಯ ಡೆಕ್ಕನ್ ಕಾಲೇಜಿನಿಂದ ೧೯೬೮ರಲ್ಲಿ ಆರ್. ಮಹದೇವನ್ ಅವರ ಗುಲ್ಬರ್ಗಾ ಕನ್ನಡದ ವರ್ಣನೆ ಹೊರಬಂದ ಮೇಲೆ ಈಶಾನ್ಯ ಕನ್ನಡದ ಕಡೆಗೆ ವಿದ್ವಾಂಸರ ಗಮನ ಹೊರಳಿತು. ಈ ಭಾಗದ ಕನ್ನಡದಲ್ಲಿ ಪದದ ಕೊನೆಯ ಸ್ವರವೇ ಹೆಚ್ಚು ಕೆಲಸ ಮಾಡುತ್ತದೆ. ‘ಮನೆ’ ಎಂಬುದು ‘ಮನಿ’ ಆಗುತ್ತದೆ, ‘ಮನೆಯಲ್ಲಿ’ ಎಂಬುದು ‘ಮನ್ಯಾಗ’ ಆಗುತ್ತದೆ, ‘ಇದೆ’ ಎಂಬುದಕ್ಕೆ ‘ಅದ’, ‘ಬರುತ್ತಾನೆ’ ಎಂಬುದಕ್ಕೆ ‘ಬರ್ತಾನ’.

ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ನೀರು ಅದ. (ಹೇಳಿಕೆ)
ನೀರು ಅದಾ? (ಪ್ರಶ್ನೆ)
ಊಟ ಆತು. (ಹೇಳಿಕೆ)
ಊಟ ಆತಾ? (ಪ್ರಶ್ನೆ)

ಮೊದಲ ಜೋಡಿಯಲ್ಲಿ ಹೇಳಿಕೆಗೂ ಪ್ರಶ್ನೆಗೂ ಇರುವ ಭೇದ ಒಂದು ಮಾತ್ರೆ, ಅಷ್ಟಽ. ದನಿಯ ಏರಿಳಿತ ಜತೆಗೆ ಬರುವುದು ನಿಜ. ಆದರೆ ಏರುವ ದನಿಯೂ ಆ ಕೊನೆಯ ಆಕಾರದ ಮೇಲೆಯೇ ಏರಬೇಕು. ತೆಲುಗಿನಲ್ಲಿಯೂ ಹೀಗೆಯೇ: ‘ಅಯಿಂದಿ’ ಎಂದರೆ ಆಯಿತು, ‘ಅಯಿಂದಾ?’ ಎಂದರೆ ಆಯಿತೇ. ಆದರೆ ನಾರಾಯಣಪೇಟೆಯ ಮರಾಠಿಯವರು ‘ಆಹೇ ಕಾ’ ಎಂದು ‘ಕಾ’ ಎಂಬ ಬೇರೆ ಮಾತನ್ನೇ ಸೇರಿಸುತ್ತಾರೆ. ದಖನಿಯವರು ‘ಹೈ ಕ್ಯಾ’ ಎನ್ನುತ್ತಾರೆ. ಅಂದರೆ ನಾಲ್ಕು ಭಾಷೆಗಳ ಈ ಬಜಾರಿನಲ್ಲಿ ಎರಡು ಭಾಷೆಗಳ ಪ್ರಶ್ನೆ ಸ್ವರದ ಬಾಲದಲ್ಲಿ ಕೂತಿದೆ, ಇನ್ನೆರಡರದು ಸ್ವತಂತ್ರ ಪದದಲ್ಲಿ ಕೂತಿದೆ. ಮುದ್ರಣದ ಕೊನೆ ಸ್ವಲ್ಪ ಕತ್ತರಿಸಿಹೋದರೆ ಮರಾಠಿಯ ಪ್ರಶ್ನೆಯಲ್ಲಿ ಏನೋ ತುಂಡಾಗಿದೆ ಎಂದು ಕೇಳುವವನಿಗೆ ತಿಳಿಯುತ್ತದೆ. ಕನ್ನಡದ ‘ಅದಾ?’ ಕತ್ತರಿಸಿದರೆ ‘ಅದ’ ಆಗಿ, ಚೊಕ್ಕ ಹೇಳಿಕೆಯಾಗಿ ನಿಲ್ಲುತ್ತದೆ, ಸಂಶಯವೇ ಬರುವುದಿಲ್ಲ. ನಮ್ಮ ವಿಷಯದ ತಿರುಳು ಇದು.

೩. ಸಿ.ಡಿ. ಕಾಲವನ್ನು ಎಣಿಸುವ ಕ್ರಮ

೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ದನಿಯನ್ನು ಸೆಕೆಂಡಿಗೆ ೪೪,೧೦೦ ಬಾರಿ ಅಳೆದು ಅಂಕಿಗಳಾಗಿ ಬರೆದಿರುತ್ತಾರೆ. ಆ ಒಂದೊಂದು ಅಳತೆಗೆ ‘ಸ್ಯಾಂಪಲ್’ ಎಂದು ಹೆಸರು. ಅಂಥ ೫೮೮ ಸ್ಯಾಂಪಲ್ಲುಗಳನ್ನು ಒಟ್ಟುಗೂಡಿಸಿದರೆ ಒಂದು ಸೆಕ್ಟರ್. ೭೫ ಸೆಕ್ಟರುಗಳಿಗೆ ಒಂದು ಸೆಕೆಂಡು. ಸಿ.ಡಿ.ಯ ಟ್ರ್ಯಾಕು ಯಾವಾಗಲೂ ಪೂರ್ತಿ ಸೆಕ್ಟರುಗಳ ಲೆಕ್ಕದಲ್ಲಿಯೇ ಇರಬೇಕು. ೮೦ ನಿಮಿಷದ ಸಿ.ಡಿ. ಎಂದರೆ ೩,೬೦,೦೦೦ ಸೆಕ್ಟರುಗಳು.

ಛಂದಸ್ಸು ಬಲ್ಲವರಿಗೆ ಇದು ಹೊಸದಲ್ಲ. ಮಾತ್ರೆಗಳು ಕೂಡಿ ಗಣ, ಗಣಗಳು ಕೂಡಿ ಪಾದ. ಭಾಮಿನಿ ಷಟ್ಪದಿಯ ಮೊದಲ ಪಾದದಲ್ಲಿ ೩-೪-೩-೪ ಎಂದು ಹದಿನಾಲ್ಕು ಮಾತ್ರೆ ತುಂಬಲೇಬೇಕಾದಂತೆ ಇಲ್ಲಿಯೂ ಸೆಕ್ಟರು ತುಂಬಲೇಬೇಕು. ಮಾತು ಸಾಲದಿದ್ದರೆ ಮೌನದಿಂದ ತುಂಬುತ್ತಾರೆ. ಬೇರೆ ಬೇರೆ ರೂಪಗಳಲ್ಲಿ ಗಣದ ಅಳತೆ ಬೇರೆ ಬೇರೆ ಇರುವುದೇ ಕಾಲವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ.

ಈ ವ್ಯತ್ಯಾಸಗಳನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲ ಸಂಧಿಯ ಹೆಸರುಗಳಿಂದಲೇ ವಿಂಗಡಿಸಬಹುದು. ಇಲ್ಲದ್ದು ಬಂದು ಸೇರಿದರೆ ಆಗಮ. ಇದ್ದದ್ದು ಹೋದರೆ ಲೋಪ. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಆದೇಶ. ಇವುಗಳ ಹೊರಗೆ, ವಸ್ತುವಿನಲ್ಲಿ ಏನೂ ಆಗದೆ ಬರಿಯ ಎಣಿಕೆಯಲ್ಲಿ ಕಾಣುವ ತೋರಿಕೆಯ ಭೇದ ಒಂದುಂಟು. ಒಂದೊಂದನ್ನೇ ನೋಡೋಣ.

೪. ತೋರಿಕೆಯ ಭೇದ

೩ ನಿಮಿಷ ೧೨.೭ ಸೆಕೆಂಡಿನ ಟ್ರ್ಯಾಕನ್ನು ಒಂದು ಯಂತ್ರ ೩:೧೨ ಎಂದು ತೋರಿಸುತ್ತದೆ, ಇನ್ನೊಂದು ೩:೧೩ ಎಂದು ತೋರಿಸುತ್ತದೆ. ಮೊದಲನೆಯದು ಉಳಿದ ಭಾಗವನ್ನು ಬಿಟ್ಟಿತು, ಎರಡನೆಯದು ಸಮೀಪದ ಪೂರ್ಣಾಂಕಕ್ಕೆ ಏರಿಸಿತು. ಪಾದಾಂತ್ಯದ ಲಘುವನ್ನು ಗುರುವೆಂದು ಎಣಿಸಬಹುದು ಎಂದು ಛಂದಶ್ಶಾಸ್ತ್ರದಲ್ಲಿ ವಿಕಲ್ಪವಿದೆ. ಎಣಿಸಿದ ಮಾತ್ರಕ್ಕೆ ಆ ಅಕ್ಷರ ದೀರ್ಘವಾಗಿ ಹೋಗುವುದಿಲ್ಲ. ಇದೂ ಹಾಂಗ.

ಎಂಪಿ೩ದಲ್ಲಿ ಇದಕ್ಕಿಂತ ದೊಡ್ಡ ತೋರಿಕೆ ಇದೆ. ಕಡತದ ಒಟ್ಟು ಗಾತ್ರವನ್ನು ಸೆಕೆಂಡಿಗೆ ಎಷ್ಟು ಬಿಟ್ ಖರ್ಚಾಗಿದೆ ಎಂಬ ಅಂಕಿಯಿಂದ ಭಾಗಿಸಿ ಉದ್ದವನ್ನು ಅಂದಾಜು ಮಾಡುವ ಯಂತ್ರಗಳಿವೆ. ಖರ್ಚು ಎಲ್ಲ ಕಡೆ ಒಂದೇ ಸಮ ಇದ್ದರೆ ಲೆಕ್ಕ ಸರಿಯಾಗುತ್ತದೆ. ಮಾತಿಗೆ ಹೆಚ್ಚು, ಮೌನಕ್ಕೆ ಕಡಿಮೆ ಎಂದು ಬದಲಾಗುವ ಖರ್ಚಿನ ಕಡತವಾದರೆ ಲೆಕ್ಕ ತಪ್ಪುತ್ತದೆ. ಉದಾಹರಣೆಗೆ ೩೬,೦೦,೦೦೦ ಬೈಟಿನ ಕಡತ. ಸರಾಸರಿ ಖರ್ಚು ಸೆಕೆಂಡಿಗೆ ೧,೬೦,೦೦೦ ಬಿಟ್. ನಿಜವಾದ ಉದ್ದ ೧೮೦ ಸೆಕೆಂಡು. ಆದರೆ ಯಂತ್ರ ಮೊದಲ ತುಣುಕನ್ನಷ್ಟೇ ನೋಡಿ, ಅಲ್ಲಿ ಮೌನವಿದ್ದುದರಿಂದ ಖರ್ಚು ೩೨,೦೦೦ ಎಂದು ಹಿಡಿದರೆ ೯೦೦ ಸೆಕೆಂಡು, ಅಂದರೆ ಹದಿನೈದು ನಿಮಿಷ, ಎಂದು ತೋರಿಸೀತು. ಕ್ಷೇತ್ರಕಾರ್ಯದ ಮುದ್ರಣಗಳು ಮೌನದಿಂದಲೇ ಮೊದಲಾಗುವುದು ಹೆಚ್ಚು. ಹಿಂಗಾಗಿ ನಮ್ಮ ಕಡತಗಳಿಗೆ ಈ ದೋಷ ಬೇಗ ತಟ್ಟುತ್ತದೆ. ಕಡತದ ಮೊದಲಿಗೆ ಒಟ್ಟು ತುಣುಕುಗಳ ಸಂಖ್ಯೆಯನ್ನು ಬರೆದಿಟ್ಟಿದ್ದರೆ, ಯಂತ್ರ ಅದನ್ನು ಓದಿದರೆ, ಈ ತೊಂದರೆ ಇಲ್ಲ. ಎರಡೂ ಸಂದರ್ಭಗಳಲ್ಲಿ ಕೇಳುವ ಮಾತು ಮಾತ್ರ ಒಂದೇ.

೫. ಆಗಮ

ಆಗಮದಲ್ಲಿ ಎರಡು ವಿಧ. ಮೊದಲನೆಯದು ಟ್ರ್ಯಾಕುಗಳ ನಡುವಿನ ಮೌನ. ಸಿ.ಡಿ.ಯಲ್ಲಿ ಒಂದು ಟ್ರ್ಯಾಕಿಗೂ ಮುಂದಿನದಕ್ಕೂ ನಡುವೆ ಅಂತರವಿಡುವ ಪದ್ಧತಿ ಉಂಟು. ಮನೆಯಲ್ಲಿ, ಕಚೇರಿಯಲ್ಲಿ ಸುಟ್ಟ ಸಿ.ಡಿ.ಗಳಲ್ಲಿ ಅದು ಸಾಮಾನ್ಯವಾಗಿ ೧೫೦ ಸೆಕ್ಟರು, ಅಂದರೆ ೨ ಸೆಕೆಂಡು. ಇದು ಯಾರಿಗೆ ಸೇರಿದ್ದು? ಸಿ.ಡಿ. ಲೆಕ್ಕದಲ್ಲಿ ಇದು ಮುಂದಿನ ಟ್ರ್ಯಾಕಿನ ಮುಂಭಾಗ. ಇಳಿಸುವ ಕಂಪ್ಯೂಟರಾದರೋ ಬಹುಮಟ್ಟಿಗೆ ಹಿಂದಿನ ಟ್ರ್ಯಾಕಿನ ಬಾಲಕ್ಕೆ ಅಂಟಿಸುತ್ತದೆ. ಕೆಲವು ಪ್ರೋಗ್ರಾಮುಗಳು ಪೂರಾ ಬಿಟ್ಟುಬಿಡುತ್ತವೆ. ಅರವತ್ತು ಪದಗಳ ಒಂದು ಪಟ್ಟಿಯನ್ನು ಪದಕ್ಕೊಂದು ಟ್ರ್ಯಾಕಿನಂತೆ ಸಿ.ಡಿ. ಮಾಡಿದ್ದರೆ, ನಡುವೆ ೫೯ ಅಂತರಗಳು, ಒಟ್ಟು ೧೧೮ ಸೆಕೆಂಡು. ಒಬ್ಬರ ಪ್ರತಿಗೂ ಇನ್ನೊಬ್ಬರ ಪ್ರತಿಗೂ ಎರಡು ನಿಮಿಷದಷ್ಟು ವ್ಯತ್ಯಾಸ ಬರಲು ಇದೊಂದೇ ಸಾಕು. ನಾನು ಮೇಲೆ ಹೇಳಿದ ೩:೧೨, ೩:೧೪ರ ಗುಟ್ಟೂ ಇದೇ ಇರಬಹುದು.

ಎರಡನೆಯದು ಗಣ ತುಂಬಿಸುವ ಆಗಮ. ಎಂಪಿ೩ ರೂಪದಲ್ಲಿ ೧,೧೫೨ ಸ್ಯಾಂಪಲ್ಲುಗಳಿಗೆ ಒಂದು ಫ್ರೇಮ್. ಸಿ.ಡಿ.ಯ ವೇಗದಲ್ಲಿ ಅದು ಸುಮಾರು ೨೬ ಮಿಲಿಸೆಕೆಂಡು. ಸರಿಯಾಗಿ ಮೂರು ನಿಮಿಷದ ಟ್ರ್ಯಾಕಿನಲ್ಲಿ ೭೯,೩೮,೦೦೦ ಸ್ಯಾಂಪಲ್ಲುಗಳು. ಇದು ೧,೧೫೨ರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಅದಲ್ಲದೆ ಎಂಪಿ೩ ಮಾಡುವ ಕ್ರಿಯೆಗೆ ಮುಂದೆ ಸ್ವಲ್ಪ ಮೌನ ಬೇಕು. ‘ಲೇಮ್’ ಎಂಬ ಪ್ರಸಿದ್ಧ ಪ್ರೋಗ್ರಾಮು ಮುಂದೆ ೫೭೬ ಸ್ಯಾಂಪಲ್ಲುಗಳನ್ನು ಸೇರಿಸುತ್ತದೆ; ನುಡಿಸುವಾಗ ಬಿಡಿಸುವ ಕ್ರಿಯೆಯಲ್ಲಿ ಮತ್ತೆ ೫೨೯ ಸೇರುತ್ತವೆ. ಕೊನೆಗೆ ಫ್ರೇಮ್ ತುಂಬಲು ಮತ್ತಷ್ಟು ಮೌನ. ಲೆಕ್ಕ ಹಾಕಿದರೆ ಈ ಟ್ರ್ಯಾಕಿಗೆ ೬,೮೯೨ ಫ್ರೇಮುಗಳು ಬೇಕು, ಒಟ್ಟು ೭೯,೩೯,೫೮೪ ಸ್ಯಾಂಪಲ್ಲು. ಹೆಚ್ಚಾದದ್ದು ೧,೫೮೪ ಸ್ಯಾಂಪಲ್ಲು, ಸುಮಾರು ೩೬ ಮಿಲಿಸೆಕೆಂಡು: ಮುಂದೆ ೧,೧೦೫, ಹಿಂದೆ ೪೭೯. ಎಎಸಿ ರೂಪದಲ್ಲಿ ಫ್ರೇಮಿನ ಅಳತೆ ೧,೦೨೪. ಬಹಳ ಬಳಕೆಯಲ್ಲಿರುವ ಕ್ರಮದಲ್ಲಿ ಮುಂದಿನ ಮೌನ ೨,೧೧೨. ಅದೇ ಟ್ರ್ಯಾಕು ಅಲ್ಲಿ ೭,೭೫೫ ಫ್ರೇಮುಗಳಾಗಿ ಸುಮಾರು ೭೧ ಮಿಲಿಸೆಕೆಂಡು ಉದ್ದವಾಗುತ್ತದೆ.

ಪಾಣಿನಿಯ ವ್ಯವಸ್ಥೆಯಲ್ಲಿ ಟಿತ್ ಆದ ಆಗಮ ಮುಂದೆ ಸೇರುತ್ತದೆ, ಕಿತ್ ಆದದ್ದು ಕೊನೆಗೆ ಸೇರುತ್ತದೆ. ಇಲ್ಲಿಯೂ ಎರಡೂ ಇವೆ. ಮುಖ್ಯ ಸಂಗತಿ ಏನೆಂದರೆ ಇವು ಮಾತಿನ ಒಳಗೆ ಹೋಗುವುದಿಲ್ಲ. ‘ಅದಾ’ ಎಂಬ ಆಕಾರ ಮುಂಚೆ ಎಷ್ಟಿತ್ತೋ ಈಗಲೂ ಅಷ್ಟೇ ಇರುತ್ತದೆ. ಇಡೀ ಮಾತು ಸ್ವಲ್ಪ ಹಿಂದಕ್ಕೆ ಸರಿದಿರುತ್ತದೆ. ಆದುದರಿಂದ ಟ್ರ್ಯಾಕಿನ ಆರಂಭದಿಂದ ಎಣಿಸಿ ಬರೆದುಕೊಂಡ ಸ್ಥಳಸೂಚಿ ತಪ್ಪುತ್ತದೆ, ಸ್ವರದ ಅಳತೆ ತಪ್ಪುವುದಿಲ್ಲ. ‘ಲೇಮ್’ ತಾನು ಎಷ್ಟು ಸೇರಿಸಿದೆ ಎಂಬುದನ್ನು ಮೊದಲ ಫ್ರೇಮಿನಲ್ಲಿ ಬರೆದಿಡುತ್ತದೆ. ಅದನ್ನು ಓದಬಲ್ಲ ಯಂತ್ರ ಸೇರಿದ್ದನ್ನು ತೆಗೆದು ಮೂಲದಷ್ಟನ್ನೇ ನುಡಿಸುತ್ತದೆ. ಒಂದೇ ಕಡತ ಎರಡು ಯಂತ್ರಗಳಲ್ಲಿ ಎರಡು ಉದ್ದ ತೋರಿಸಲು ಇದೂ ಕಾರಣ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಸತತವಾದ ಸಂಭಾಷಣೆಯನ್ನು ಮಾತಿನ ನಡುವೆಯೇ ಟ್ರ್ಯಾಕುಗಳಾಗಿ ಒಡೆದಿದ್ದು, ಎಂಪಿ೩ ಮಾಡಿದ ಮೇಲೆ ಮತ್ತೆ ಜೋಡಿಸಿದರೆ, ಪ್ರತಿ ಬೆಸುಗೆಯಲ್ಲಿ ಈ ಮೌನ ಉಳಿಯುತ್ತದೆ. ಒಂದಕ್ಕೆ ೩೬ ಮಿಲಿಸೆಕೆಂಡಿನಂತೆ ಹಿಡಿದರೆ ಅರವತ್ತು ಬೆಸುಗೆಗೆ ಎರಡು ಸೆಕೆಂಡಿಗೂ ಮೀರುತ್ತದೆ. ಬೆಸುಗೆ ‘ಕಟ್ಟು’, ‘ಹತ್ತು’ ಇಂಥ ಪದಗಳ ನಡುವೆ ಬಿದ್ದರೆ ದ್ವಿತ್ವದ ನಿಲುಗಡೆಯನ್ನು ಅದು ಸುಳ್ಳಾಗಿ ಹಿಗ್ಗಿಸೀತು. ಬೆಸುಗೆಯ ಅಕ್ಕಪಕ್ಕದ ಪದಗಳನ್ನು ಅಳತೆಗೆ ತೆಗೆದುಕೊಳ್ಳದಿರುವುದು ಕ್ಷೇಮ.

೬. ಲೋಪ

ಆಗಮ ನಿರಪಾಯ, ಲೋಪ ಹಾಗಲ್ಲ. ಲೋಪ ಮೂರು ಬಗೆಯಲ್ಲಿ ಆಗುತ್ತದೆ.

ಒಂದು, ಓದುವ ಯಂತ್ರದ ಸರಿತ. ಸಿ.ಡಿ. ಓದುವ ಒಂದೊಂದು ಯಂತ್ರವೂ ತನ್ನದೇ ಆದ ಕೆಲವು ನೂರು ಸ್ಯಾಂಪಲ್ಲುಗಳಷ್ಟು ಹಿಂದಕ್ಕೋ ಮುಂದಕ್ಕೋ ಸರಿದು ಓದುತ್ತದೆ. ೬೦೦ ಸ್ಯಾಂಪಲ್ಲು ಎಂದರೆ ೧೪ ಮಿಲಿಸೆಕೆಂಡಿನಷ್ಟು. ಟ್ರ್ಯಾಕಿನ ಉದ್ದ ಬದಲಾಗುವುದಿಲ್ಲ. ಆದರೆ ಒಂದು ತುದಿಯಲ್ಲಿ ಅಷ್ಟು ಹೋಗಿ ಇನ್ನೊಂದು ತುದಿಯಲ್ಲಿ ಅಷ್ಟು ಬಂದಿರುತ್ತದೆ. ಒಳ್ಳೆಯ ಪ್ರೋಗ್ರಾಮುಗಳು ಯಂತ್ರದ ಸರಿತವನ್ನು ತಿಳಿದು ಸರಿಪಡಿಸಿಕೊಳ್ಳುತ್ತವೆ.

ಎರಡು, ಗೀರು ಬಿದ್ದ ಸಿ.ಡಿ. ಯಂತ್ರ ಕೆಲವು ಸೆಕ್ಟರುಗಳನ್ನು ಓದಲಾರದೆ ಹಾರಬಹುದು, ಇಲ್ಲವೆ ಊಹಿಸಿ ತುಂಬಬಹುದು. ಇದು ಮಾತಿನ ಒಳಗೇ ಆಗುವ ಲೋಪ. ಒಂದು ಸೆಕ್ಟರು ೧೩ ಮಿಲಿಸೆಕೆಂಡು; ಐದಾರು ಸೆಕ್ಟರು ಹೋದರೆ ಒಂದು ಹ್ರಸ್ವ ಸ್ವರವೇ ಹೋದಂತೆ.

ಮೂರು, ‘ಮೌನ ಕತ್ತರಿಸು’ ಎಂಬ ಸೌಕರ್ಯ. ಇದು ಎಲ್ಲಕ್ಕಿಂತ ಅಪಾಯದ್ದು, ಯಾಕಂದರೆ ಉಪಕಾರದ ಹೆಸರಿನಲ್ಲಿ ಬರುತ್ತದೆ. ದನಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅದು ಮೌನವೆಂದು ಪ್ರೋಗ್ರಾಮು ತಿಳಿಯುತ್ತದೆ. ಎರಡೂ ತುದಿಗಳಲ್ಲಿ ಅಂಥದ್ದನ್ನು ಕೊಯ್ದು ಹಾಕುತ್ತದೆ. ಆದರೆ ಮುದುಕರು ಮಾತು ಮುಗಿಸುವಾಗ ಉಸಿರು ಇಳಿಯುತ್ತದೆ, ಕೊನೆಯ ಸ್ವರ ಮೆತ್ತಗಾಗುತ್ತದೆ. ಆ ಮೆತ್ತನೆಯ ಬಾಲ ಯಂತ್ರದ ಕಣ್ಣಿಗೆ ಮೌನ, ವ್ಯಾಕರಣದ ಕಣ್ಣಿಗೆ ಪ್ರತ್ಯಯ! ‘ಊಟ ಆತು’ ಎಂಬಲ್ಲಿ ಉಕಾರವೇ ಹೋಗಿ ‘ಆತ್’ ಎಂದು ಉಳಿದರೆ, ಈ ಸೀಮೆಯಲ್ಲಿ ಪದಾಂತ್ಯದ ಸ್ವರ ಲೋಪವಾಗುತ್ತದೆ ಎಂಬ ನಿಯಮವನ್ನು ಯಾರಾದರೂ ಬರೆದುಬಿಟ್ಟಾರು. ‘ಅದಾ?’ ಎಂಬ ಪ್ರಶ್ನೆ ‘ಅದ’ ಆದರೆ, ಕೇಳಿದ್ದನ್ನೇ ಹೇಳಿದ್ದೆಂದು ಬರೆದುಕೊಳ್ಳುತ್ತೇವೆ.

ಮುಂಭಾಗದಲ್ಲಿಯೂ ಇದೇ ಅಪಾಯ. ಹಕಾರ ಬರಿಯ ಉಸಿರು. ಅದರ ಮೊದಲ ಭಾಗ ಬಹಳ ಸಣ್ಣ ದನಿ. ‘ಹೆಂಗ’ ಎಂಬುದರ ಮುಂಭಾಗ ಕತ್ತರಿಸಿದರೆ ‘ಎಂಗ’ ಎಂದು ಕೇಳುತ್ತದೆ. ಹಕಾರ ಉಳಿದಿದೆಯೋ ಬಿದ್ದಿದೆಯೋ ಎಂಬುದು ಕನ್ನಡದ ಉಪಭಾಷೆಗಳನ್ನು, ಸಾಮಾಜಿಕ ಭೇದಗಳನ್ನು ಗುರುತಿಸಲು ನಾವು ಬಳಸುವ ಹಳೆಯ ಲಕ್ಷಣ. ಯಂತ್ರ ಬೀಳಿಸಿದ ಹಕಾರವನ್ನು ಮಾತಾಡಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ.

೭. ಆದೇಶ

ಆಗಮ, ಲೋಪಗಳು ಒಂದು ಕಡೆ ಆಗುವಂಥವು. ಆದೇಶ ಇಡೀ ಮಾತಿಗೆ ಆಗುವಂಥದ್ದು: ಒಂದು ವೇಗದ ಸ್ಥಾನದಲ್ಲಿ ಇನ್ನೊಂದು ವೇಗ. ಸೆಕೆಂಡಿಗೆ ೪೪,೧೦೦ರಂತೆ ಅಳೆದದ್ದನ್ನು ೪೮,೦೦೦ ಎಂದು ತಪ್ಪಾಗಿ ತಿಳಿದು ನುಡಿಸಿದರೆ ೧೮೦ ಸೆಕೆಂಡಿನ ಮಾತು ೧೬೫.೪ ಸೆಕೆಂಡಿಗೆ ಮುಗಿಯುತ್ತದೆ; ದನಿ ಒಂದೂವರೆ ಸ್ವರಸ್ಥಾನದಷ್ಟು ಮೇಲೇರುತ್ತದೆ. ವೀಡಿಯೊ ಯಂತ್ರಗಳು ೪೮,೦೦೦ದ ಲೆಕ್ಕ ಬಳಸುವುದರಿಂದ ಈ ತಪ್ಪು ಆಗುವ ಸಂಭವ ಉಂಟು. ಸರಿಯಾಗಿ ಪರಿವರ್ತಿಸಿದರೆ ಸ್ಯಾಂಪಲ್ಲುಗಳ ಸಂಖ್ಯೆ ಹೆಚ್ಚುತ್ತದೆ, ಸೆಕೆಂಡು ಅಷ್ಟೇ ಇರುತ್ತದೆ, ಅದು ದೋಷವಲ್ಲ.

ಕ್ಯಾಸೆಟ್ಟಿನಿಂದ ಬಂದ ಸಿ.ಡಿ.ಗಳಲ್ಲಿ ಇದೇ ಆದೇಶ ಇನ್ನೊಂದು ವೇಷದಲ್ಲಿ ಬರುತ್ತದೆ. ಕ್ಯಾಸೆಟ್ ಪಟ್ಟಿ ಸೆಕೆಂಡಿಗೆ ೪.೭೬ ಸೆಂಟಿಮೀಟರಿನಂತೆ ಓಡಬೇಕು. ಹಳ್ಳಿಯಲ್ಲಿ ಮುದ್ರಿಸುವಾಗ ಸೆಲ್ಲು ಇಳಿದಿದ್ದರೆ ಪಟ್ಟಿ ನಿಧಾನವಾಗಿ ಓಡಿರುತ್ತದೆ. ಊರಿಗೆ ಬಂದು ಒಳ್ಳೆಯ ಯಂತ್ರದಲ್ಲಿ ಹಾಕಿದರೆ ಮಾತು ಅವಸರವಾಗಿ, ದನಿ ಕೀಚಲಾಗಿ ಬರುತ್ತದೆ. ಆ ದೋಷ ಸಿ.ಡಿ. ಮಾಡುವುದಕ್ಕೆ ಮೊದಲೇ ಆದದ್ದು. ಆಮೇಲೆ ಎಷ್ಟೇ ಶುದ್ಧವಾಗಿ ಇಳಿಸಿದರೂ ಅದು ಹೋಗುವುದಿಲ್ಲ.

ಇಲ್ಲಿ ಸ್ವರಗಳ ಕಾಲ ನಿಜವಾಗಿಯೂ ಬದಲಾಗುತ್ತದೆ. ಹಾಗಿದ್ದರೆ ಆ ಮುದ್ರಣವನ್ನು ಬಿಡಬೇಕೋ? ಬಿಡಬೇಕಾಗಿಲ್ಲ. ದ್ರುತ, ಮಧ್ಯಮ, ವಿಲಂಬಿತ ಎಂಬ ಮೂರು ವೃತ್ತಿಗಳನ್ನು ನಮ್ಮ ಪ್ರಾಚೀನರು ಹೇಳಿದ್ದಾರೆ. ಬೇಗ ಹೇಳಿದರೆ ಹ್ರಸ್ವವೂ ಕಿರಿದಾಗುತ್ತದೆ, ದೀರ್ಘವೂ ಕಿರಿದಾಗುತ್ತದೆ. ಹ್ರಸ್ವ ಹ್ರಸ್ವವೇ, ದೀರ್ಘ ದೀರ್ಘವೇ. ಭರ್ತೃಹರಿ ಪ್ರಾಕೃತ ಧ್ವನಿ, ವೈಕೃತ ಧ್ವನಿ ಎಂದು ವಿಂಗಡಿಸಿದ್ದು ಈ ತೊಡಕನ್ನು ಬಿಡಿಸಲಿಕ್ಕೇ: ಹ್ರಸ್ವ-ದೀರ್ಘಗಳ ಭೇದ ಮೊದಲನೆಯದಕ್ಕೆ ಸೇರಿದ್ದು, ವೃತ್ತಿಯ ಭೇದ ಎರಡನೆಯದಕ್ಕೆ. ಯಂತ್ರದ ವೇಗವೂ ಒಂದು ಬಗೆಯ ವೃತ್ತಿ ಎಂದೇ ತಿಳಿಯಬಹುದು. ವೇಗ ಉದ್ದಕ್ಕೂ ಒಂದೇ ಸಮ ಇದ್ದರೆ ದೀರ್ಘಕ್ಕೂ ಹ್ರಸ್ವಕ್ಕೂ ಇರುವ ಅನುಪಾತ ಕೆಡುವುದಿಲ್ಲ. ಮಿಲಿಸೆಕೆಂಡಿನ ಅಂಕಿಯನ್ನು ಬಿಟ್ಟು ಅನುಪಾತವನ್ನು ಹೇಳಿದರೆ ಅಂಥ ಮುದ್ರಣದಿಂದಲೂ ಉಪಯೋಗವುಂಟು.

೮. ಗುರುತಿಸುವ ಬಗೆ

ಎರಡು ಪ್ರತಿಗಳ ಉದ್ದ ಹೊಂದದಿದ್ದಾಗ ಮಾಡಬೇಕಾದ ಪರೀಕ್ಷೆ ಸರಳ. ಮಾತಿನ ಒಳಗೆ ದೂರದೂರದ ಎರಡು ಗುರುತುಗಳನ್ನು ಹಿಡಿಯಬೇಕು. ಮೊದಲ ವಾಕ್ಯದ ‘ಊಟ’ದ ಟಕಾರ ಸಿಡಿಯುವ ಕ್ಷಣ ಒಂದು, ಕೊನೆಯ ವಾಕ್ಯದ ಇನ್ನೊಂದು ಟಕಾರ ಒಂದು ಎಂದಿಟ್ಟುಕೊಳ್ಳಿ. ಎರಡೂ ಪ್ರತಿಗಳಲ್ಲಿ ಅವುಗಳ ನಡುವಿನ ಅಂತರವನ್ನು ಅಳೆಯಬೇಕು. ಎಂಪಿ೩ದಲ್ಲಿ ಇಂಥ ಸಿಡಿತದ ಮುಂದೆ ಸ್ವಲ್ಪ ಮಬ್ಬು ಹರಡುವುದುಂಟು. ದೂರದ ಅಂತರ ಅಳೆಯುವಾಗ ಅದು ಬಾಧಕವಲ್ಲ.

(ಅ) ಅಂತರ ಎರಡರಲ್ಲೂ ಒಂದೇ ಇದ್ದರೆ ವ್ಯತ್ಯಾಸ ತುದಿಗಳಲ್ಲಿದೆ, ಇಲ್ಲವೆ ತೋರಿಕೆಯದು. ಒಳಗಿನ ಸ್ವರಗಳನ್ನು ನಿಶ್ಚಿಂತೆಯಿಂದ ಅಳೆಯಬಹುದು. ಆದರೆ ಮೊದಲ ಪದ, ಕೊನೆಯ ಪದಗಳನ್ನು ಸಿ.ಡಿ.ಯಲ್ಲಿಯೇ ಕೇಳಿ ನೋಡಬೇಕು.

(ಆ) ಒಟ್ಟು ಉದ್ದ ಯಾವ ಪ್ರಮಾಣದಲ್ಲಿ ಬದಲಾಗಿದೆಯೋ ಅಂತರವೂ ಅದೇ ಪ್ರಮಾಣದಲ್ಲಿ ಬದಲಾಗಿದ್ದರೆ ಅದು ಆದೇಶ. ಪ್ರಮಾಣ ೧.೦೮೮ರ ಹತ್ತಿರವಿದ್ದರೆ ೪೪,೧೦೦-೪೮,೦೦೦ದ ಗೊಂದಲವೆಂದೇ ಹೇಳಬಹುದು.

(ಇ) ಎರಡೂ ಅಲ್ಲದೆ ಅಂತರ ಅಡ್ಡಾದಿಡ್ಡಿ ಬದಲಾಗಿದ್ದರೆ ಒಳಗೆ ಲೋಪವೋ ಬೆಸುಗೆಯೋ ಇದೆ. ಗುರುತುಗಳನ್ನು ಹತ್ತಿರ ಹತ್ತಿರ ತಂದು ಆ ಜಾಗವನ್ನು ಹುಡುಕಬೇಕು.

ಮೂಲದ ವೇಗವೇ ಸರಿಯಿತ್ತೋ ಇಲ್ಲವೋ ತಿಳಿಯಲು, ಕರೆಂಟಿನಿಂದ ಮುದ್ರಿಸಿದ್ದಾದರೆ ಹಿನ್ನೆಲೆಯ ಗುಂಯ್‌ಗುಡುವ ದನಿಯನ್ನು ನೋಡಬಹುದು. ನಮ್ಮ ದೇಶದ ಕರೆಂಟು ಸೆಕೆಂಡಿಗೆ ಹೆಚ್ಚುಕಡಿಮೆ ೫೦ ಆವೃತ್ತಿಯದು. ಆ ಗುಂಯ್‌ಕಾರ ೫೪ರ ಸಮೀಪ ಬಂದರೆ ಮುದ್ರಣ ಅವಸರದಲ್ಲಿ ಓಡುತ್ತಿದೆ ಎಂದರ್ಥ. ಸೆಲ್ಲಿನಿಂದ ಮ��ದ್ರಿಸಿದ್ದರಲ್ಲಿ ಈ ಸಾಕ್ಷಿ ಸಿಗುವುದಿಲ್ಲ.

೯. ಕೆಲವು ಸೂಚನೆಗಳು

ಕ್ಷೇತ್ರಕಾರ್ಯ ಮಾಡುವ ತರುಣರಿಗೆ, ಹಳೆಯ ಸಿ.ಡಿ.ಗಳನ್ನು ಇಟ್ಟುಕೊಂಡಿರುವ ಹಿರಿಯರಿಗೆ ಉಪಯೋಗವಾದೀತೆಂದು ಕೆಲವು ಸೂಚನೆಗಳನ್ನು ಕೊಡುತ್ತೇನೆ.

೧) ಸಿ.ಡಿ.ಯಿಂದ ಮೊದಲು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿಯೇ ಇಳಿಸಬೇಕು. ೨೦೦೧ರಲ್ಲಿ ಬಂದ ಫ್ಲ್ಯಾಕ್ ಗಾತ್ರವನ್ನು ಕಡಿಮೆ ಮಾಡುತ್ತದೆ, ಒಂದು ಸ್ಯಾಂಪಲ್ಲನ್ನೂ ಬಿಡುವುದಿಲ್ಲ, ಸೇರಿಸುವುದಿಲ್ಲ. ಒಟ್ಟು ಸ್ಯಾಂಪಲ್ಲುಗಳ ಸಂಖ್ಯೆಯನ್ನು ಕಡತದೊಳಗೇ ಬರೆದಿಡುತ್ತದೆ. ಎಂಪಿ೩ ಹಂಚಿಕೊಳ್ಳಲಿಕ್ಕೆ ಮಾತ್ರ ಇರಲಿ.

೨) ‘ಮೌನ ಕತ್ತರಿಸು’ ಎಂಬುದನ್ನು ಎಂದೂ ಒತ್ತಬಾರದು. ಟ್ರ್ಯಾಕುಗಳ ನಡುವಿನ ಅಂತರವನ್ನು ಉಳಿಸಿಕೊಂಡೇ ಇಳಿಸಬೇಕು. ಸಾಧ್ಯವಾದರೆ ಇಡೀ ಸಿ.ಡಿ.ಯನ್ನು ಒಂದೇ ಕಡತವಾಗಿ ಇಳಿಸಿ, ಆಮೇಲೆ ಗುರುತು ಹಾಕಿಕೊಳ್ಳುವುದು ಲೇಸು.

೩) ಪ್ರಬಂಧಗಳಲ್ಲಿ ‘೩ ನಿಮಿಷ ೧೨ ಸೆಕೆಂಡು’ ಎಂದಷ್ಟೇ ಬರೆಯದೆ, ಯಾವ ರೂಪದ ಪ್ರತಿಯಲ್ಲಿ, ಟ್ರ್ಯಾಕಿನ ಒಟ್ಟು ಉದ್ದ ಎಷ್ಟಿರುವಾಗ ಎಂಬುದನ್ನೂ ಬರೆಯಬೇಕು. ಸ್ಥಳವನ್ನು ಪದದಿಂದ ಹೇಳುವುದು ಇನ್ನೂ ಗಟ್ಟಿ: “ಎರಡನೆಯ ‘ಮನ್ಯಾಗ’ ಆದ ಮೇಲಿನ ಪ್ರಶ್ನೆ” ಎಂದರೆ ಯಾವ ಪ್ರತಿಯಲ್ಲಾದರೂ ಸಿಗುತ್ತದೆ.

೪) ಹೊಸದಾಗಿ ಮುದ್ರಿಸುವಾಗ ಮೊದಲಿಗೆ ಮೂರ್ನಾಲ್ಕು ಸೆಕೆಂಡು, ಕೊನೆಗೆ ಮೂರ್ನಾಲ್ಕು ಸೆಕೆಂಡು ಸುಮ್ಮನೆ ಬಿಡಬೇಕು. ಆರಂಭದಲ್ಲಿ ಒಂದು ಶ್ರುತಿಕವಲನ್ನು ಬಾರಿಸಿದರೆ ಬಹಳ ಒಳ್ಳೆಯದು. ೪೪೦ರ ಶ್ರುತಿಕವಲು ಯಾವುದೋ ಪ್ರತಿಯಲ್ಲಿ ೪೭೯ ಎಂದು ನುಡಿದರೆ ವೇಗ ತಪ್ಪಿದೆ ಎಂದು ಇಪ್ಪತ್ತು ವರ್ಷದ ಮೇಲೆ ಬಂದವನಿಗೂ ತಿಳಿಯುತ್ತದೆ.

೫) ದೂರದಿಂದ ಕರೆಯುವ ಮಾತುಗಳನ್ನು, ‘ಯವ್ವಾ’, ‘ಯಪ್ಪಾ’ ಎಂಬಂಥವನ್ನು, ಪೂರ್ತಿ ದನಿ ಅಡಗುವವರೆಗೂ ಮುದ್ರಿಸಬೇಕು. ದೂರದ ಕರೆಯಲ್ಲಿ ಪ್ಲುತ ಬರುತ್ತದೆಂಬುದು ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದ ಮಾತು. ಅದು ಹೊಲಗದ್ದೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಗುಂಡಿ ಬೇಗ ಒತ್ತಿದರೆ ಪ್ಲುತ ದೀರ್ಘವಾಗಿ ದಾಖಲಾಗುತ್ತದೆ.

೬) ಸುಟ್ಟ ಸಿ.ಡಿ.ಗಳು ಶಾಶ್ವತವಲ್ಲ. ಬಿಸಿಲು, ತೇವ, ಗೀರುಗಳಿಂದ ಓದಲಾರದಂತಾಗುತ್ತವೆ. ಇಳಿಸುವ ಕೆಲಸವನ್ನು ಮುಂದೂಡಬಾರದು.

೧೦. ಉಪಸಂಹಾರ

ಟ್ರ್ಯಾಕಿನ ಉದ್ದ ಪ್ರತಿಯಿಂದ ಪ್ರತಿಗೆ ಬದಲಾಯಿತೆಂದು ಮುದ್ರಣವನ್ನೇ ಸಂಶಯಿಸುವುದು ತರವಲ್ಲ. ಹೆಚ್ಚಿನ ವ್ಯತ್ಯಾಸಗಳು ಆಗಮದವು, ತೋರಿಕೆಯವು, ಮಾತಿಗೆ ಹೊರಗಿನವು. ಆದೇಶವನ್ನು ಲೆಕ್ಕದಿಂದ ಸರಿಪಡಿಸಬಹುದು. ಲೋಪವೊಂದೇ ಮರಳಿ ಬಾರದ್ದು. ಅದು ಉದ್ದದಲ್ಲಿ ಎದ್ದು ಕಾಣುವುದೂ ಕಡಿಮೆ: ಎರಡು ಸೆಕೆಂಡಿನ ಆಗಮ ಎಲ್ಲರ ಕಣ್ಣಿಗೂ ಬೀಳುತ್ತದೆ, ನೂರು ಮಿಲಿಸೆಕೆಂಡಿನ ಲೋಪ ಯಾರ ಕಣ್ಣಿಗೂ ಬೀಳುವುದಿಲ್ಲ.

ಗದ್ವಾಲ ವಿದ್ವಾಂಸರಿಗೆ ಆಶ್ರಯ ಕೊಟ್ಟ ಸಂಸ್ಥಾನವೆಂದು ಹೆಸರಾದದ್ದು. ವೇದಪಾಠದಲ್ಲಿ ಒಂದು ಮಾತ್ರೆ ತಪ್ಪಿದರೆ ಮೊದಲಿನಿಂದ ಹೇಳಿಸುತ್ತಿದ್ದ ಗುರುಪರಂಪರೆ ನಮ್ಮದು. ಅಕ್ಷರ ಬಾರದ ಮುದುಕಿ ಮಕ್ತಲ್ ಸೀಮೆಯ ಹಳ್ಳಿಯಲ್ಲಿ ಕೂತು ‘ನೀರು ಅದಾ?’ ಎಂದು ಕೇಳಿದ ಮಾತಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ಆಕೆಯ ಪ್ರಶ್ನೆ ಪ್ರಶ್ನೆಯಾಗಿಯೇ ಮುಂದಿನವರಿಗೆ ಮುಟ್ಟಬೇಕಾದರೆ ಕೊನೆಯ ಆ ಒಂದು ಮಾತ್ರೆಯನ್ನು ಕಾಯುವುದು ಮುದ್ರಣ ಮಾಡಿದವರ, ಇಳಿಸುವವರ, ಅಳೆಯುವವರ ಎಲ್ಲರ ಹೊಣೆ. ಈ ಸಂಕಿರಣದಲ್ಲಿ ಸೇರಿದ ವಿದ್ವಾಂಸರು ತಮ್ಮ ಬಳಿಯಿರುವ ಸಿ.ಡಿ.ಗಳನ್ನು ಒಮ್ಮೆ ಹೊರತೆಗೆದು, ಪ್ರತಿ ಟ್ರ್ಯಾಕಿನ ಮೊದಲ ಪದವನ್ನೂ ಕೊನೆಯ ಪದವನ್ನೂ ಇಳಿಸಿದ ಪ್ರತಿಯೊಡನೆ ಹೋಲಿಸಿ ಕೇಳಬೇಕೆಂದು ವಿನಂತಿಸಿ ನನ್ನ ಪ್ರಬಂಧವನ್ನು ಮುಗಿಸುತ್ತೇನೆ.